ದಾಲಾ ಇಜ್ಜಿ

ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆ ದಾರಿಯಲ್ಲಿ ಸಿಕ್ಕವರನ್ನು ‘ದಾದ ವಿಶೇಷ?’ ಅಂತ ತುಳುವಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ದಾಲಾ ಇಜ್ಜಿ’. ಏನೂ ಇಲ್ಲ. ಹೇಳಿದವರೂ ಕೇಳಿದವರೂ ಅದನ್ನು ಉತ್ತರ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದರೆ ಒಂದು ಕೆಲಸದಲ್ಲಿ ಮಾತ್ರ ‘ಏನೂ ಇಲ್ಲ’ ಅನ್ನುವುದು ಪೂರ್ತಿ ಉತ್ತರ. ಅದಕ್ಕಾಗಿ ಜನ ರಾತ್ರಿ ನಿದ್ದೆ ಬಿಡುತ್ತಾರೆ, ದೂರದರ್ಶಕ ಹೊತ್ತು ಗುಡ್ಡ ಹತ್ತುತ್ತಾರೆ, ಕೊನೆಗೆ ‘ನಮಗೆ ಏನೂ ಕಾಣಲಿಲ್ಲ’ ಅಂತ ನೀಟಾಗಿ ಬರೆದು ಕಳಿಸುತ್ತಾರೆ. ಕ್ಷುದ್ರಗ್ರಹವೊಂದು ನಕ್ಷತ್ರದ ಮುಂದೆ ಹಾದುಹೋಗುವುದನ್ನು ಕಾಯುವ ಕೆಲಸ ಅದು. ಇಂಗ್ಲಿಷಿನ ಅಕಲ್ಟೇಶನ್, ನಮ್ಮ ಪುಸ್ತಕಗಳಲ್ಲಿ ಆಚ್ಛಾದನೆ.

ಮೊದಲು ಲೆಕ್ಕ ನೋಡೋಣ. ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಒಂದು, ಯಾವುದೋ ದೂರದ ನಕ್ಷತ್ರಕ್ಕೂ ನಮಗೂ ನಡುವೆ ಬರುತ್ತದೆ. ಬಂಡೆಯೇ ನಮ್ಮ ಕಣ್ಣಿಗೆ ಕಾಣದಷ್ಟು ಮಂಕಾಗಿರಬಹುದು, ಅದರಿಂದ ತೊಂದರೆಯಿಲ್ಲ. ನಕ್ಷತ್ರ ಒಂದೆರಡು ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ನಕ್ಷತ್ರ ಎಷ್ಟೋ ದೂರದಲ್ಲಿರುವುದರಿಂದ ಅದರ ಬೆಳಕಿನಲ್ಲಿ ಬಂಡೆಯ ನೆರಳು ಭೂಮಿಯ ಮೇಲೆ ಹೆಚ್ಚುಕಡಿಮೆ ಬಂಡೆಯಷ್ಟೇ ಅಗಲಕ್ಕೆ ಬೀಳುತ್ತದೆ. ಹದಿನೈದು ಕಿಲೋಮೀಟರ್ ಬಂಡೆಗೆ ಹದಿನೈದು ಕಿಲೋಮೀಟರ್ ಅಗಲದ ನೆರಳಿನ ಪಟ್ಟಿ. ಆ ಪಟ್ಟಿಯ ಒಳಗಿದ್ದವರಿಗೆ ಮಾತ್ರ ನಕ್ಷತ್ರ ಆರುತ್ತದೆ, ಹೊರಗಿದ್ದವರಿಗೆ ಮಾಮೂಲಿ ರಾತ್ರಿ.

ಪಟ್ಟಿ ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಬೇಕಾದರೆ ನಕ್ಷತ್ರದ ಜಾಗವೂ ಬಂಡೆಯ ಕಕ್ಷೆಯೂ ಕರಾರುವಾಕ್ಕಾಗಿ ಗೊತ್ತಿರಬೇಕು. ಒಂದು ಡಿಗ್ರಿಯನ್ನು 3,600 ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಸಾವಿರ ಮಾಡಿದರೆ ಸಿಗುವ ಕೋನ ಒಂದು ಮಿಲಿಆರ್ಕ್‌ಸೆಕೆಂಡ್. ಬಂಡೆ 30 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ, ಲೆಕ್ಕದಲ್ಲಿ ಅಷ್ಟು ಸಣ್ಣ ತಪ್ಪಾದರೂ ನೆರಳು ಸುಮಾರು ಒಂದೂವರೆ ಕಿಲೋಮೀಟರ್ ಪಕ್ಕಕ್ಕೆ ಸರಿಯುತ್ತದೆ. ಏಳು ಮಿಲಿಆರ್ಕ್‌ಸೆಕೆಂಡ್ ತಪ್ಪಿದರೆ ಹತ್ತು ಕಿಲೋಮೀಟರ್. ಯುರೋಪಿನ ಗಯಾ ಉಪಗ್ರಹ 2016ರಿಂದ ಕೊಡುತ್ತಾ ಬಂದ ನಕ್ಷತ್ರ ಪಟ್ಟಿಗಳಿಂದ ಈ ಲೆಕ್ಕ ಬಹಳ ಸುಧಾರಿಸಿದೆ. ಆದರೂ ಸಣ್ಣ ಬಂಡೆಗಳ ಕಕ್ಷೆಯಲ್ಲಿ ಅನುಮಾನ ಉಳಿದೇ ಇರುತ್ತದೆ.

ಈ ಹತ್ತು ಕಿಲೋಮೀಟರ್ ಎಷ್ಟು ಅಂತ ನಮ್ಮೂರಿನ ನಕ್ಷೆಯಲ್ಲೇ ನೋಡಬಹುದು. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರು ಪೇಟೆಗಳ ಅಕ್ಷಾಂಶ ತೆಗೆದು ನೋಡಿ. ಎಲ್ಲಕ್ಕಿಂತ ಉತ್ತರಕ್ಕೆ ಮೂಡುಬಿದಿರೆ, ಅದಕ್ಕಿಂತ ಸುಮಾರು ಹತ್ತು ಕಿಲೋಮೀಟರ್ ದಕ್ಷಿಣಕ್ಕೆ ಬೆಳ್ತಂಗಡಿ, ಇನ್ನೊಂದು ಹತ್ತು ಇಳಿದರೆ ಬಂಟ್ವಾಳ. ಬಸ್ಸಿನ ದಾರಿ ಬೇರೆ ಲೆಕ್ಕ, ನಾನು ಹೇಳ್ತಿರೋದು ಬರೀ ಉತ್ತರ-ದಕ್ಷಿಣದ ಅಂತರ. ಪೂರ್ವದಿಂದ ಪಶ್ಚಿಮಕ್ಕೆ ಓಡುವ ನೆರಳಿಗೆ ಇವು ಹತ್ತತ್ತು ಕಿಲೋಮೀಟರಿಗೊಂದರಂತೆ ಎಳೆದ ಮೂರು ಗೆರೆಗಳು.

ಈಗ ಊಹಿಸಿ. ಮೂರು ಕಡೆ ಮೂವರು ಗೆಳೆಯರು ದೂರದರ್ಶಕ, ಕ್ಯಾಮೆರಾ, ಜಿಪಿಎಸ್ ಗಡಿಯಾರ ಇಟ್ಟುಕೊಂಡು ಕೂತಿದ್ದಾರೆ. ನೆರಳು ಸೆಕೆಂಡಿಗೆ 15 ಕಿಲೋಮೀಟರ್ ವೇಗದಲ್ಲಿ ಬಂತು. ಬೆಳ್ತಂಗಡಿಯವರಿಗೆ ನಕ್ಷತ್ರ ಸರಿಯಾಗಿ ಒಂದು ಸೆಕೆಂಡು ಆರಿತು. ಬಂಟ್ವಾಳ, ಮೂಡುಬಿದಿರೆ ಎರಡೂ ಕಡೆ ದಾಲಾ ಇಜ್ಜಿ.

ಬೆಳ್ತಂಗಡಿಯವರ ಹತ್ತಿರ ಇರುವುದು ಏನು? ಆ ಬಂಡೆಯ ಮೇಲೆ ಎಲ್ಲೋ ಒಂದು ಕಡೆ 15 ಕಿಲೋಮೀಟರ್ ಉದ್ದದ ಒಂದು ಗೆರೆ, ಅಷ್ಟೆ. ಅದು 15 ಕಿಲೋಮೀಟರ್ ಬಂಡೆಯ ನಟ್ಟನಡುವಿನ ಗೆರೆಯಾಗಿರಬಹುದು, ಅರವತ್ತು ಕಿಲೋಮೀಟರ್ ಬಂಡೆಯ ತುದಿಯೂ ಆಗಿರಬಹುದು. ಆ ಒಂದು ಸೆಕೆಂಡನ್ನು ಎಷ್ಟು ತಿರುವಿ ಹಾಕಿದರೂ ಇದಕ್ಕೆ ಉತ್ತರ ಸಿಗದು. ಉತ್ತರ ಇರುವುದು ಏನೂ ಕಾಣದವರ ಹತ್ತಿರ. ಬಂಟ್ವಾಳದಲ್ಲಿ ಆರಲಿಲ್ಲ, ಮೂಡುಬಿದಿರೆಯಲ್ಲೂ ಆರಲಿಲ್ಲ, ಹಾಗಾದರೆ ಬಂಡೆ ಆ ದಿಕ್ಕಿನಲ್ಲಿ ಇಪ್ಪತ್ತು ಕಿಲೋಮೀಟರಿಗಿಂತ ಅಗಲವಿಲ್ಲ. ಬಂಡೆಗೆ ಅಂಚು ಕೊಟ್ಟವರು ಅದನ್ನು ಕಾಣದ ಇಬ್ಬರು. ಅದಕ್ಕೇ ಈ ಕೆಲಸ ಮಾಡುವವರ ವರದಿಯಲ್ಲಿ ‘ಆಗಲಿಲ್ಲ’ ಅಂತ ಬರೆಯೋಕೂ ಜಾಗ ಇರುತ್ತದೆ.

ಕಾಲ್ಪನಿಕ ಉದಾಹರಣೆ ಸಾಕು ಅನ್ನುವವರಿಗೆ ನಿಜವಾದದ್ದು ಒಂದಿದೆ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹಾದುಹೋದ ಆರೊಕಾತ್ ಎಂಬ ಕಾಯ ನಮ್ಮಿಂದ ಸುಮಾರು 650 ಕೋಟಿ ಕಿಲೋಮೀಟರ್ ದೂರದಲ್ಲಿದೆ, ಉದ್ದ ಬರೀ 35 ಕಿಲೋಮೀಟರ್ ಆಸುಪಾಸು. ನೌಕೆ ಮುಟ್ಟುವ ಮೊದಲೇ ಅದರ ಆಕಾರ ತಿಳಿಯಬೇಕಿತ್ತು. 2017ರ ಜೂನ್ 3ರಂದು ದಕ್ಷಿಣ ಆಫ್ರಿಕಾ ಮತ್ತು ಅರ್ಜೆಂಟೀನಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೂರದರ್ಶಕಗಳನ್ನು ಸಾಲಾಗಿ ಇಟ್ಟು ಕಾದರು. ಒಂದರಲ್ಲೂ ನಕ್ಷತ್ರ ಆರಲಿಲ್ಲ. ಅವರು ಅದನ್ನೂ ದತ್ತಾಂಶ ಅಂತಲೇ ಎತ್ತಿಟ್ಟುಕೊಂಡು, ಲೆಕ್ಕ ತಿದ್ದಿ, ಜುಲೈ 17ರಂದು ಅರ್ಜೆಂಟೀನಾದ ಕೊಮೊದೊರೊ ರಿವದಾವಿಯಾ ಊರಿನ ಸುತ್ತ ಮತ್ತೆ ಸಾಲು ನಿಲ್ಲಿಸಿದರು. ಊರವರು ಬೀದಿದೀಪ ಆರಿಸಿಕೊಟ್ಟರು, ಹೆದ್ದಾರಿ ಮುಚ್ಚಿದರು, ಗಾಳಿ ತಡೆಯಲು ಲಾರಿಗಳನ್ನು ಅಡ್ಡ ನಿಲ್ಲಿಸಿದರು. ಐದು ದೂರದರ್ಶಕಗಳಿಗೆ ನೆರಳು ಸಿಕ್ಕಿತು. ಅದು ಎರಡು ಉಂಡೆ ಅಂಟಿಕೊಂಡ ಆಕಾರ ಇರಬಹುದು ಅನ್ನುವ ಸುಳಿವು ಆ ರಾತ್ರಿಯದ್ದು. ಉಳಿದ ಹದಿನೈದಿಪ್ಪತ್ತು ತಂಡಗಳ ಹೆಸರು ಸುದ್ದಿಯಲ್ಲಿ ಬರಲಿಲ್ಲ. ಅವರೂ ಅದೇ ಚಳಿಯಲ್ಲಿ ಕೂತಿದ್ದರು.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದ ಶುರು. ಬೆಳ್ತಂಗಡಿಯವರಿಗೆ ಸಿಕ್ಕಿದ್ದು ಅವರ ಪುಣ್ಯವಲ್ಲ, ಜಾಣತನವೂ ಅಲ್ಲ. ಏಳು ಮಿಲಿಆರ್ಕ್‌ಸೆಕೆಂಡ್ ಆಚೀಚೆ ಆಗಿದ್ದರೆ ಅದೇ ನೆರಳು ಬಂಟ್ವಾಳಕ್ಕೆ ಬೀಳುತ್ತಿತ್ತು. ಮೂವರ ಶ್ರಮವೂ ಒಂದೇ, ಫಲ ಒಬ್ಬರಿಗೆ. ಹಾಗಿದ್ದರೆ ಏನೂ ಕಾಣದವರ ಕರ್ತವ್ಯ ಏನು? ಸುಮ್ಮನೆ ಗಂಟುಮೂಟೆ ಕಟ್ಟಿ ಮನೆಗೆ ಹೋಗಬಹುದಾ? ಇನ್ನೂ ಕಷ್ಟದ್ದು: ರೆಕಾರ್ಡಿಂಗಿನಲ್ಲಿ ಎಲ್ಲೋ ಒಂದು ಕಡೆ ನಕ್ಷತ್ರ ಸ್ವಲ್ಪ ಮಂಕಾದಂತೆ ಕಂಡರೆ ‘ಆಯ್ತು’ ಅಂದುಬಿಡಬಹುದಾ?

ಎರಡನೆಯ ಆಸೆ ಸಣ್ಣದೇನಲ್ಲ. 1978ರ ಜೂನ್ 7ರಂದು ಹರ್ಕ್ಯುಲಿನಾ ಎಂಬ ಕ್ಷುದ್ರಗ್ರಹ ನಕ್ಷತ್ರವೊಂದನ್ನು ಮರೆ ಮಾಡಿದಾಗ, ಮುಖ್ಯ ಮರೆಯ ಜೊತೆಗೆ ಇನ್ನೊಂದು ಸಣ್ಣ ಮರೆಯೂ ವರದಿಯಾಯಿತು. ಕ್ಷುದ್ರಗ್ರಹಕ್ಕೆ ಉಪಗ್ರಹ ಇದೆ ಅಂತ ಸುದ್ದಿಯಾಯಿತು. ಮುಂದೆ ಹಬಲ್ ದೂರದರ್ಶಕದಿಂದ ನೋಡಿದಾಗ ಅಂಥದ್ದೇನೂ ಸಿಗಲಿಲ್ಲ. ಯಾರೂ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಆಕಾಶದಲ್ಲಿ ನಕ್ಷತ್ರ ಮಿನುಗುತ್ತದೆ, ತೆಳು ಮೋಡ ಹಾಯುತ್ತದೆ, ಕಾದು ಕೂತ ಮನಸ್ಸು ಏನಾದರೂ ಆಗಲಿ ಅಂತ ಬಯಸುತ್ತದೆ. ಆ ಬಯಕೆ ನಮಗೆ ಗೊತ್ತಾಗದಂತೆ ಕಣ್ಣಿನೊಳಗೆ ಕೂತು ಕೆಲಸ ಮಾಡುತ್ತದೆ.

ಇದಕ್ಕೆ ಮದ್ದು ಏನು ಅನ್ನುವುದಕ್ಕೆ ನಮ್ಮ ಹತ್ತಿರದ ಉದಾಹರಣೆ ಕಾವಲೂರಿನದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅದು, ತಮಿಳುನಾಡಿನ ಜವ್ವಾದು ಬೆಟ್ಟಗಳಲ್ಲಿ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಹತ್ತಿರ ಹಾಯುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅಲ್ಲಿನ ಒಂದು ಮೀಟರ್ ದೂರದರ್ಶಕದಲ್ಲಿ ಅಳೆಯುತ್ತಿದ್ದರು. ಹಿಂದೂ ಮಹಾಸಾಗರದ ಮೇಲೆ ಅಮೆರಿಕದ ತಂಡವೊಂದು ವಿಮಾನದಲ್ಲೇ ದೂರದರ್ಶಕ ಇಟ್ಟುಕೊಂಡು ಹಾರುತ್ತಿತ್ತು. ಸಮಯದ ಲೆಕ್ಕ ಪಕ್ಕಾ ಇರಲಿಲ್ಲವಾದ್ದರಿಂದ ವಿಮಾನದವರು ಸುಮಾರು 40 ನಿಮಿಷ ಮೊದಲೇ ದಾಖಲಿಸಲು ಶುರು ಮಾಡಿದರು. ‘ಏನೂ ಆಗದ’ ಆ ಹೊತ್ತಿನಲ್ಲೇ ನಕ್ಷತ್ರ ಮತ್ತೆ ಮತ್ತೆ ಮಂಕಾಯಿತು. ಯುರೇನಸ್‌ಗೆ ಉಂಗುರಗಳಿವೆ ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ.

ಕಾವಲೂರಿನವರಿಗೂ ಒಂದು ಸ್ಪಷ್ಟವಾದ ಇಳಿತ ಸಿಕ್ಕಿತ್ತು. ಅವರು ಅದನ್ನು ಯುರೇನಸ್‌ನ ಹೊಸ ಉಪಗ್ರಹ ಇರಬೇಕು ಅಂತ ಓದಿದರು. ಓದು ತಪ್ಪಾಗಿತ್ತು. ಆದರೆ ದಾಖಲೆ ಸರಿಯಾಗಿತ್ತು: ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಎಷ್ಟು ಮಂಕು. ಅದಕ್ಕೇ ಅದೇ ವರ್ಷ ಆ ದಾಖಲೆಯನ್ನು ಉಂಗುರದ ಸಾಕ್ಷಿಯಾಗಿ ಮರುಓದಲು ಸಾಧ್ಯವಾಯಿತು. ವೈನು ಬಾಪು ಅವರ ಜೊತೆ ಭಟ್ಟಾಚಾರ್ಯ ಅದರ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಕಂಡದ್ದನ್ನು ಒಂದು ಕಡೆ, ಅದರ ಅರ್ಥವನ್ನು ಇನ್ನೊಂದು ಕಡೆ ಇಟ್ಟರೆ, ಅರ್ಥ ಬಿದ್ದುಹೋದರೂ ಕಂಡದ್ದು ಉಳಿಯುತ್ತದೆ.

‘ಇಲ್ಲ’ದ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಎಲ್ಲ ‘ಇಲ್ಲ’ಗಳೂ ಒಂದೇ ಅಲ್ಲ. ಮೂಡುಬಿದಿರೆಯ ಗೆಳೆಯ ‘ಕಾಣಲಿಲ್ಲ’ ಅಂದಾಗ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಸರಿಯಾದ ನಕ್ಷತ್ರವನ್ನೇ ನೋಡ್ತಿದ್ದೆಯಾ? ಗಡಿಯಾರ ಸರಿ ಇತ್ತಾ? ಆ ಕ್ಷಣ ಮೋಡ ಬಂದಿತ್ತಾ? ಕ್ಯಾಮೆರಾ ಓಡ್ತಿತ್ತಾ? ಎಲ್ಲಕ್ಕೂ ಉತ್ತರ ಸರಿಯಿದ್ದರೆ ಮಾತ್ರ ಅದು ‘ಆಗಲಿಲ್ಲ’. ಒಂದು ತಪ್ಪಿದ್ದರೂ ಅದು ‘ನೋಡಲಾಗಲಿಲ್ಲ’. ಮೋಡ ಬಂದಿದ್ದಾಗ ‘ಆಗಲಿಲ್ಲ’ ಅಂತ ಬರೆದರೆ ಬಂಡೆಯ ಒಂದು ಭಾಗವನ್ನೇ ಕತ್ತರಿಸಿ ಹಾಕಿದಂತೆ. ಅಂದರೆ ‘ಇಲ್ಲ’ ಅನ್ನಲು ‘ಇದೆ’ ಅನ್ನುವಷ್ಟೇ ಕೆಲಸ ಇದೆ. ಕಾಣುವ ಎಲ್ಲ ಸಿದ್ಧತೆ ಮಾಡಿಕೊಂಡವರಿಗೆ ಮಾತ್ರ ಕಾಣಲಿಲ್ಲ ಅನ್ನುವ ಹಕ್ಕು.

ನಮ್ಮ ಸಾಫ್ಟ್‌ವೇರ್ ಲೋಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಟೆಸ್ಟ್ ಮಾಡಿದೆ, ದೋಷ ಇಲ್ಲ’ ಮತ್ತು ‘ಟೆಸ್ಟ್ ಮಾಡಿಲ್ಲ’, ಇವೆರಡೂ ರಿಪೋರ್ಟಿನಲ್ಲಿ ಸೊನ್ನೆಯಾಗಿಯೇ ಕಾಣುತ್ತವೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಟೆಸ್ಟರ್‌ಗಳ ಅಪ್ರೈಸಲ್‌ಗೆ ಎಷ್ಟು ಬಗ್ ಹಿಡಿದರು ಅನ್ನೋದೇ ಅಳತೆ. ಮೂರು ತಿಂಗಳಲ್ಲಿ ಸ್ಪೆಲ್ಲಿಂಗ್ ತಪ್ಪುಗಳೆಲ್ಲ ಬಗ್ ಆಗಿ ಪಟ್ಟಿ ಉದ್ದವಾಯಿತು. ನಿಯತ್ತಾಗಿ ಎರಡು ವಾರ ಕೂತು ಪೇಮೆಂಟ್ ಭಾಗವನ್ನೆಲ್ಲ ಜಾಲಾಡಿ ‘ಸರಿಯಾಗಿದೆ’ ಅಂದ ಹುಡುಗಿಗೆ ಸಿಕ್ಕಿದ್ದು ಕಡಿಮೆ ರೇಟಿಂಗ್. ‘ಇದೆ’ಗೆ ಮಾತ್ರ ಬೆಲೆ ಕಟ್ಟುವ ಜಾಗದಲ್ಲಿ ಜನ ‘ಇದೆ’ಯನ್ನು ತಯಾರು ಮಾಡುತ್ತಾರೆ. ಅದಕ್ಕೆ ಅವರನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ.

ಊರಿನಲ್ಲೂ ಇದೇ ಕತೆ. ಬೋರ್‌ವೆಲ್ ಕೊರೆಸಿ ನೀರು ಬಂದವರು ಹೇಳಿಕೊಂಡು ತಿರುಗುತ್ತಾರೆ, ಜಾಗ ತೋರಿಸಿದವರ ಹೆಸರೂ ಮೇಲೇರುತ್ತದೆ. ನೀರು ಬಾರದವರು ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು ಅಂತ ಬಾಯಿ ಮುಚ್ಚುತ್ತಾರೆ. ಇಷ್ಟು ಅಡಿ ಕೊರೆಸಿದೆ, ಬರೀ ಧೂಳು ಬಂತು ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಪಕ್ಕದ ತೋಟದವರು ಸಾಲ ಮಾಡುವ ಮೊದಲು ಒಂದು ಸಲ ಯೋಚಿಸುತ್ತಿದ್ದರು. ಸೋತವರು ಮೌನವಾಗಿದ್ದರೆ ಅದರ ಬಿಲ್ಲು ಬೇರೆ ಯಾರೋ ಕಟ್ಟುತ್ತಾರೆ.

ನೀವು ಕೇಳಬಹುದು: ಸೋತವರ ಮೇಲೇ ಮತ್ತೆ ಕರ್ತವ್ಯ ಹೇರೋದು ಯಾವ ನ್ಯಾಯ? ಫಲ ಅವರಿಗೆ ಸಿಕ್ಕಿಲ್ಲ, ವರದಿಯನ್ನೂ ಅವರೇ ಬರೆಯಬೇಕಾ? ಈ ಆಕ್ಷೇಪ ನನಗೆ ಸರಿ ಅನ್ನಿಸುತ್ತದೆ. ಹಾಗಾಗಿ ಕರ್ತವ್ಯ ಎರಡೂ ಕಡೆಗಿದೆ. ಕಾಣದವರು ಹೇಳಬೇಕು. ಕಂಡವರು ಆ ಹೇಳಿಕೆಯನ್ನು ತಮ್ಮ ಕಾಣಿಕೆಯ ಪಕ್ಕದಲ್ಲೇ, ಹೆಸರು ಸಮೇತ ಇಡಬೇಕು. ಕೇಳುವವರು ‘ಅಯ್ಯೋ, ಏನೂ ಸಿಗಲಿಲ್ವಾ’ ಅನ್ನುವುದನ್ನು ನಿಲ್ಲಿಸಬೇಕು. ಮೂರನೆಯದೇ ಕಷ್ಟ, ಯಾಕೆಂದರೆ ನಾವೆಲ್ಲ ಹೆಚ್ಚಿನ ಹೊತ್ತು ಆ ಜಾಗದಲ್ಲೇ ಇರುವವರು.

ಜೈನಕಾಶಿ ಅಂತ ಹೆಸರಾದ ಮೂಡುಬಿದಿರೆಗೆ ಈ ವಿಚಾರ ಹೊಸದಲ್ಲ. ಜೈನರ ಸ್ಯಾದ್ವಾದದಲ್ಲಿ ಒಂದು ವಸ್ತುವಿನ ಬಗ್ಗೆ ಏಳು ಬಗೆಯಲ್ಲಿ ಮಾತಾಡಬಹುದು. ಮೊದಲನೆಯದು ‘ಸ್ಯಾದಸ್ತಿ’, ಎರಡನೆಯದು ‘ಸ್ಯಾನ್ನಾಸ್ತಿ’. ಸ್ಯಾತ್ ಅಂದರೆ ‘ಬಹುಶಃ’ ಅಂತ ತಿಳಿಯುವವರಿದ್ದಾರೆ, ಆದರೆ ಅದು ಅನುಮಾನದ ಮಾತಲ್ಲ. ‘ಈ ದೃಷ್ಟಿಯಿಂದ ನೋಡಿದಾಗ’ ಅನ್ನುವ ಷರತ್ತು. ಈ ದೃಷ್ಟಿಯಿಂದ ಇದೆ, ಈ ದೃಷ್ಟಿಯಿಂದ ಇಲ್ಲ. ಎರಡನೆಯ ಮಾತು ಮೊದಲನೆಯದನ್ನು ಸುಳ್ಳು ಮಾಡುವುದಿಲ್ಲ, ಪೂರ್ತಿ ಮಾಡುತ್ತದೆ. ಬೆಳ್ತಂಗಡಿಯಿಂದ ನಕ್ಷತ್ರ ಆರಿತು, ಮೂಡುಬಿದಿರೆಯಿಂದ ಆರಲಿಲ್ಲ. ಎರಡೂ ನಿಜ, ಎರಡನ್ನೂ ಕೂಡಿಸಿದಾಗಲೇ ಬಂಡೆ.

ಮಳೆಗಾಲ ಕಳೆದು ನಮ್ಮ ಕರಾವಳಿಯ ಆಕಾಶ ತೆರೆದುಕೊಂಡ ಮೇಲೆ, ಯಾವ ನೆರಳು ಎಲ್ಲಿ ಬೀಳಬಹುದು ಅಂತ ಆಸ್ಟ್ರೇಲಿಯಾದ ಡೇವ್ ಹೆರಾಲ್ಡ್ ಬರೆದ ‘ಆಕಲ್ಟ್’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ನೀವೇ ನೋಡಿಕೊಳ್ಳಬಹುದು. ಗೆಳೆಯರ ಜೊತೆ ಕಾಯಲು ಹೊರಟರೆ ನೆರಳಿನ ನಟ್ಟನಡುವೆ ಎಲ್ಲರೂ ಒಟ್ಟಿಗೆ ಹೋಗಿ ಕೂರಬೇಡಿ. ಹಂಚಿಕೊಂಡು ಕೂರಿ. ಒಬ್ಬರಾದರೂ ಅಂಚಿನ ಆಚೆ, ಬಹುತೇಕ ಏನೂ ಕಾಣದ ಕಡೆ ಹೋಗಲು ಒಪ್ಪಬೇಕು. ಬೆಳಿಗ್ಗೆ ಅವರಿಗೇ ಮೊದಲು ಫೋನ್ ಮಾಡಿ. ‘ದಾಲಾ ಇಜ್ಜಿ’ ಅಂದರೆ ಸಮಯದ ಸಮೇತ ಬರೆದುಕೊಳ್ಳಿ.