ಒಲವೂ ಋಣವೂ

ಧನವು ತಾನಾಗಿ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಯಾವ ಭಾವದಿಂದ ಕೈಯಿಂದ ಕೈಗೆ ಸಾಗಿತೆಂಬುದೇ ಅದರ ಗುಣವನ್ನು ನಿರ್ಣಯಿಸುವುದು. ಹನ್ನೆರಡನೆಯ ಶತಮಾನದ ಶರಣರು ಗಳಿಕೆಯ ಶುದ್ಧಿಯನ್ನು ಅಷ್ಟೊಂದು ಸೂಕ್ಷ್ಮವಾಗಿ ವಿಚಾರಿಸಿದುದು ಈ ಕಾರಣದಿಂದಲೇ.

ಇಂದು ಈ ವಿಚಾರವು ಗೃಹಸ್ಥರ ಮನೆಗಳಲ್ಲಿ ಬೇರೊಂದು ರೂಪದಿಂದ ಎದುರಾಗುತ್ತಿದೆ. ತರುಣ ತರುಣಿಯರು ಪರಸ್ಪರ ಮೆಚ್ಚುವರು. ಲಗ್ನವು ನಿಶ್ಚಯವಾಗುವ ಮೊದಲೇ ಒಬ್ಬರ ಗಳಿಕೆಯು ಇನ್ನೊಬ್ಬರ ಅಂಗಡಿಗೋ, ವಾಹನಕ್ಕೋ, ತಂದೆತಾಯಿಗಳ ಔಷಧೋಪಚಾರಕ್ಕೋ ಸಲ್ಲುವುದು. ಆಗ “ನಮ್ಮಲ್ಲಿ ಲೆಕ್ಕವೇಕೆ?” ಎಂಬ ಮಾತು ಸಿಹಿಯಾಗಿರುವುದು. ಮುಂದೆ ಮನಸ್ಸು ಮುರಿದಾಗ ಕೊಟ್ಟವರು ಅದನ್ನು ಸಾಲವೆನ್ನುವರು; ಪಡೆದವರು ಕಾಣಿಕೆಯೆನ್ನುವರು. ಇಬ್ಬರಲ್ಲೊಬ್ಬರು ಸುಳ್ಳಾಡುತ್ತಿರುವರೆಂದು ಹೇಳಲಾಗದು. ಕೊಡುವ ಗಳಿಗೆಯಲ್ಲಿ ಆ ಹಣಕ್ಕೆ ಹೆಸರಿಡದೆ ಹೋದುದೇ ಮೂಲದೋಷ.

ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಸತಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದಳು. ಗಂಡನೆಂದು ಅವಳು ಸುಮ್ಮನಿರಲಿಲ್ಲ; ಹೆಂಡತಿ ಕೇಳಿದಳೆಂದು ಅವನು ಮುನಿಯಲಿಲ್ಲ. ಲೆಕ್ಕ ಕೇಳಿದರೆ ಒಲವು ಕೆಡುವುದೆಂಬ ಭಯಕ್ಕೆ ಆ ದಂಪತಿಗಳ ಬಾಳೇ ಉತ್ತರವಾಗಿದೆ.

ಮರಳಿ ಬಯಸದೆ ಕೊಟ್ಟುದು ದಾನ. ಮರಳಿ ಬರಲೆಂದು ಕೊಟ್ಟುದು ಸಾಲ. ಇವೆರಡೂ ಸನ್ಮಾರ್ಗಗಳೇ. ಬಾಯಲ್ಲಿ ದಾನವೆಂದು, ಮನದಲ್ಲಿ ಪಡೆದವರನ್ನು ಕಟ್ಟಿಹಾಕುವ ಹಂಬಲವಿಟ್ಟು ಕೊಡುವುದು ಮಾತ್ರ ಒಲವಿನ ವ್ಯಾಪಾರ. ದಾನವಾಗಿ ಕೊಟ್ಟುದನ್ನು ಮುನಿಸಿನ ದಿನ ಸಾಲವೆಂದು ತಿದ್ದುವುದು ಭಕ್ತರಿಗೆ ತಕ್ಕುದಲ್ಲ.

ಸಾಲವಾದರೆ ಮೊತ್ತ, ದಿನಾಂಕ, ತೀರಿಸುವ ವಾಯಿದೆಗಳನ್ನು ಬರೆದು ಸಹಿ ಪಡೆಯಬೇಕು. ಬ್ಯಾಂಕಿನ ಲೆಕ್ಕವು ಹಣ ಸಂದುದನ್ನು ತೋರಿಸೀತು. ಅದು ಸಾಲವೆಂಬುದನ್ನು ತಾನೊಂದೇ ಸಿದ್ಧಪಡಿಸದು. 1963ರ ಕಾಲಮಿತಿ ಕಾಯಿದೆಯಂತೆ ಕೈಗಡದ ವಸೂಲಿಗೆ ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ 3 ವರ್ಷ. ‘ಕೇಳಿದಾಗ ಕೊಡುವೆನು’ ಎಂಬ ಸಾಲದಲ್ಲಿಯೂ ಎಣಿಕೆಯು ಹಣ ಕೊಟ್ಟ ದಿನದಿಂದಲೇ ಆರಂಭವಾಗುವುದು. ಅವಧಿಯೊಳಗೆ ಸಾಲಗಾರನು ಋಣವನ್ನೊಪ್ಪಿ ಬರೆದು ಸಹಿ ಮಾಡಿದರೆ, ಆ ದಿನದಿಂದ ಹೊಸ ಅವಧಿ ಮೊದಲಾಗುವುದು. ಸಂಕೋಚದಿಂದ ವರ್ಷಗಳನ್ನು ಕಳೆಯುವವರು ಇದನ್ನು ಅರಿತಿರಬೇಕು.

ವಸೂಲಿಯೂ ಧರ್ಮದಿಂದಲೇ ನಡೆಯಬೇಕು. ಮೊದಲು ಏಕಾಂತದಲ್ಲಿ ಕೇಳುವುದು, ಕಂತುಗಳಿಗೆ ಒಪ್ಪುವುದು. ಆಗದಿದ್ದರೆ ಇಬ್ಬರೂ ಗೌರವಿಸುವ ಹಿರಿಯರ ಮುಂದಿಡುವುದು. ಕೊನೆಗೆ ವಕೀಲರ ನೋಟೀಸು, ನ್ಯಾಯಾಲಯ. ನಂಬಿ ಬರೆದ ಪತ್ರಗಳನ್ನೂ ಭಾವಚಿತ್ರಗಳನ್ನೂ ಬಯಲಿಗಿಡುವೆನೆಂದು ಬೆದರಿಸುವುದು ಅಪರಾಧ. ಹಣಕ್ಕಾಗಿ ಮಾನವನ್ನು ಒತ್ತೆಯಿಟ್ಟಂತೆ.

ಪಡೆದವರ ಹೊಣೆಯಾದರೋ ಇನ್ನೂ ದೊಡ್ಡದು. ಒಲವು ಮುಗಿದರೆ ಸಾಲ ಮುಗಿಯದು. ಕಾಲಮಿತಿ ಮೀರಿದಾಗ ದಾವೆಯ ದಾರಿ ಮುಚ್ಚಬಹುದು, ಋಣವು ಅಳಿಯದು. ಅಂತಹ ಸಾಲವನ್ನು ಸಹ ತೀರಿಸುವೆನೆಂದು ಸಾಲಗಾರನು ಬರೆದು ಸಹಿ ಮಾಡಿದರೆ, 1872ರ ಕರಾರು ಕಾಯಿದೆಯು ಆ ವಚನವನ್ನು ಮಾನ್ಯ ಮಾಡುವುದು. ನ್ಯಾಯಶಾಸ್ತ್ರವು ಕೂಡ ಅವನ ಅಂತರಂಗಕ್ಕೆ ಒಂದು ಬಾಗಿಲನ್ನು ತೆರೆದಿರಿಸಿದೆ.

ಬೆಳಗ್ಗೆ ಇಷ್ಟಲಿಂಗವನ್ನು ಧರಿಸುವ ಅಂಗೈಯೇ ಅಂದು ಆ ಹಣವನ್ನು ಪಡೆದ ಅಂಗೈ. ಪೂಜೆಗೆ ಕುಳಿತಾಗ ಅದರ ಮೇಲೆ ಇನ್ನೊಬ್ಬರ ಬೆವರಿನ ಭಾರವಿರದಂತೆ ನೋಡಿಕೊಳ್ಳುವುದೇ ಸದ್ಭಕ್ತರ ಶೀಲ.