ಪ್ರಮಾದದ ಲೆಕ್ಕ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಗರುಡನಿಂದ ಹೆಸರಾದ ಊರು. ಕೇಶವ ದೇವಾಲಯದ ಗರುಡಮೂರ್ತಿಯನ್ನು ಕಾಣಲು ದೂರದ ಜನ ಬರುತ್ತಾರೆ. ಅದೇ ಹೋಬಳಿಯ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯ ದರ್ಶನಕ್ಕೆ ಹೋದ ಶ್ರಾವಕರು ಅಲ್ಲಿನ ಎತ್ತರದ ಕಂಬದ ಮೇಲ್ಗಡೆ ಗರುಡಪಕ್ಷಿ ತೇಲುವುದನ್ನು ನೋಡಿರಬಹುದು. ರೆಕ್ಕೆ ಬಡಿಯದೆ ತೇಲುವ ಹಕ್ಕಿ ಮೈಯನ್ನು ಮೇಲಕ್ಕೆತ್ತಿದರೆ ತುಸು ಏರುತ್ತದೆ, ಏರಿದಂತೆ ಅದರ ವೇಗ ಕುಂದುತ್ತದೆ. ತಲೆ ತಗ್ಗಿಸಿದರೆ ಎತ್ತರವನ್ನು ಕಳೆದುಕೊಂಡು ವೇಗವನ್ನು ಪಡೆಯುತ್ತದೆ. ಎರಡೂ ಒಟ್ಟಿಗೆ ಬೇಕಾದರೆ ರೆಕ್ಕೆ ಬಡಿಯಬೇಕು, ಇಲ್ಲವೇ ಏರುಗಾಳಿ ದೊರೆಯಬೇಕು.

ವಿಮಾನದ ನಿಯಮವೂ ಇದೇ. ಚಾಲಕನ ಒಂದು ಕೈಯಲ್ಲಿ ಮೂತಿಯನ್ನು ಎತ್ತಿಳಿಸುವ ಹಿಡಿಕೆ, ಇನ್ನೊಂದರಲ್ಲಿ ಎಂಜಿನ್ನಿನ ಬಲವನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್. ಇವುಗಳಲ್ಲಿ ವೇಗವನ್ನು ಆಳುವುದು ಯಾವುದು, ಎತ್ತರವನ್ನು ಆಳುವುದು ಯಾವುದು? ಹಾರಾಟ ಕಲಿಸುವವರಲ್ಲಿ ಇದು ಹಳೆಯ ವಾದ. 1944ರ ‘ಸ್ಟಿಕ್ ಅಂಡ್ ರಡ್ಡರ್’ ಗ್ರಂಥದಲ್ಲಿ ವೊಲ್ಫ್‌ಗ್ಯಾಂಗ್ ಲ್ಯಾಂಗೆವೀಶೆ ಅವರು, ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ವೇಗವನ್ನು ಆಳುವುದು ಹಿಡಿಕೆ, ಏರಿಳಿತವನ್ನು ಆಳುವುದು ಥ್ರಾಟಲ್ ಎಂದು ವಾದಿಸಿದರು. ಇದನ್ನು ತಿರುಗುಮುರುಗಾಗಿ ಹೇಳುವವರೂ ಇದ್ದಾರೆ. ಲೆಕ್ಕ ಬರೆದು ಬಲ್ಲವನಿಗೆ ಇದರಲ್ಲಿ ದೊಡ್ಡ ತೊಡಕು ಕಾಣದು. ಎತ್ತರ ಮತ್ತು ವೇಗ ಒಂದೇ ಅಂಗಡಿಯ ಎರಡು ಖಾತೆಗಳು. ಮೂತಿಯನ್ನೆತ್ತುವುದು ಒಂದು ಖಾತೆಯಿಂದ ಇನ್ನೊಂದಕ್ಕೆ ಮಾಡುವ ವರ್ಗಾವಣೆ. ಥ್ರಾಟಲ್ ತರುವುದು ಹೊಸ ಜಮೆ. ಗಾಳಿಯ ತಡೆಯೆಂಬ ಖರ್ಚು ಕ್ಷಣಕ್ಷಣವೂ ಬೀಳುತ್ತಿರುತ್ತದೆ. ವೇಗ ತೀರಾ ತಗ್ಗಿದಾಗ ಈ ಖರ್ಚು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ! ಜಮೆಯಿಲ್ಲದೆ ವರ್ಗಾವಣೆಯೊಂದನ್ನೇ ಮಾಡುವ ಅಂಗಡಿ ಎಷ್ಟು ದಿನ ನಡೆದೀತು?

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-320 ವಿಮಾನ ಬೆಂಗಳೂರಿನ ಅಂದಿನ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯಲಿತ್ತು. ಒಳಗೆ 146 ಜನ. ಎಂಜಿನ್‌ಗಳು ಕನಿಷ್ಠ ಬಲದಲ್ಲಿಯೇ ಉಳಿದು, ಮೂತಿಯಿಂದ ಮಾತ್ರ ವೇಗವನ್ನು ಕಾಯ್ದುಕೊಳ್ಳುವ ಇಳಿತದ ವಿಧಾನದಲ್ಲಿ ವಿಮಾನವಿತ್ತು. ಅದು ಇಳಿಯಬೇಕಾದ ದಾರಿಗಿಂತ ಕೆಳಗೆ ಜಾರಿದಾಗ ಮೂತಿ ಮೇಲಕ್ಕೆದ್ದಿತು, ಥ್ರಾಟಲ್ ಮಾತ್ರ ಇದ್ದಲ್ಲಿಯೇ ಇತ್ತು. 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿಯಿತು.

ಅಲ್ಲಿದ್ದವರು ನೌಸಿಖರಲ್ಲ. ಇಬ್ಬರೂ ಕ್ಯಾಪ್ಟನ್ನರು, ಒಬ್ಬರು ಇನ್ನೊಬ್ಬರನ್ನು ಪರೀಕ್ಷಿಸುತ್ತಿದ್ದವರು. ಯಾರಿಗೂ ಕೇಡಿನ ಉದ್ದೇಶವಿರಲಿಲ್ಲ. ಹಾಗಾದರೆ ಇಲ್ಲಿ ದೋಷವೆಂಬುದು ಉಂಟೆ?

ಪ್ರಾಣಹಾನಿಯೊಂದರಿಂದಲೇ ಹಿಂಸೆಯನ್ನು ಅಳೆಯದೆ ಅದರ ಹಿಂದಿನ ಪ್ರಮಾದವನ್ನು ತತ್ತ್ವಾರ್ಥಸೂತ್ರವು ಮುಂದಿಡುತ್ತದೆ. ಪ್ರಮಾದವೆಂದರೆ ನಿದ್ದೆ, ಸೋಮಾರಿತನ ಎಂದೇ ಅನೇಕರು ತಿಳಿದಿದ್ದಾರೆ. ಆ ಇಬ್ಬರು ನಿದ್ರಿಸುತ್ತಿರಲಿಲ್ಲ. ಮಾರ್ಗದರ್ಶಕ ಉಪಕರಣವನ್ನು ಆರಿಸುವ ವಿಚಾರದಲ್ಲಿ ಅವರ ಮಾತು ನಡೆದಿತ್ತು. ಒಬ್ಬರದು ಆರಿತ್ತು, ಇನ್ನೊಬ್ಬರದು ಉಳಿದಿತ್ತು. ಎರಡೂ ಆರಿದ್ದರೆ ಯಂತ್ರವೇ ವೇಗವನ್ನು ಕಾಯುವ ವಿಧಾನಕ್ಕೆ ಮರಳುತ್ತಿತ್ತು. ಎಚ್ಚರವಿತ್ತು, ಆದರೆ ಅದು ಸಣ್ಣ ವಿಷಯದ ಮೇಲೆ ವ್ಯಯವಾಗುತ್ತಿತ್ತು. ಶ್ರದ್ಧಾವಂತರನ್ನೂ ಹಿಡಿಯುವ ಪ್ರಮಾದವಿದು. ಸೋಮಾರಿಯ ಪ್ರಮಾದಕ್ಕಿಂತ ಇದನ್ನು ಗುರುತಿಸುವುದು ಕಷ್ಟ.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ, ಥ್ರಾಟಲನ್ನು ಸಕಾಲದಲ್ಲಿ ಮುಂದೊತ್ತದಿರುವುದನ್ನೇ ಮುಖ್ಯ ಕಾರಣವಾಗಿ ಕಂಡಿತು. ಯಂತ್ರವನ್ನು ದೂಷಿಸಿದವರೂ ಇದ್ದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಈ ವಿಮಾನದಲ್ಲಿ ಸ್ವಯಂಚಾಲಿತ ವ್ಯವಸ್ಥೆಯು ಎಂಜಿನ್ನಿನ ಬಲವನ್ನು ಬದಲಿಸಿದರೂ ಥ್ರಾಟಲಿನ ಹಿಡಿಕೆ ಚಲಿಸದು. ಅದರ ಮೇಲಿಟ್ಟ ಕೈಗೆ ಏನೂ ತಿಳಿಯದು. ಗುಮಾಸ್ತನಿಗೆ ಕೀಲಿಕೈ ಒಪ್ಪಿಸಿದ ಯಜಮಾನ ಸಂಜೆ ಲೆಕ್ಕ ನೋಡುವ ಹೊಣೆಯಿಂದ ಪಾರಾಗುವುದಿಲ್ಲ, ನಿಜ. ಆದರೆ ಖಾತೆಪುಸ್ತಕವನ್ನು ಕಣ್ಣಿಗೆ ಬೀಳದಂತೆ ಇಡುವ ಅಂಗಡಿಯನ್ನು ಕಟ್ಟಿದವನಿಗೂ ಆ ನಷ್ಟದಲ್ಲಿ ಪಾಲುಂಟು. ಚಾಲಕರಿಬ್ಬರ ಮೇಲೆಯೇ ಪೂರ್ತಿ ಸಾಲವನ್ನು ಬರೆಯುವುದು ಸುಲಭ. ಅದು ನ್ಯಾಯವಾದ ಲೆಕ್ಕವಲ್ಲ.

ಕೊನೆಗೆ ಥ್ರಾಟಲ್ ಮುಂದೊತ್ತಲ್ಪಟ್ಟಿತು. ಜೆಟ್ ಎಂಜಿನ್ ಕನಿಷ್ಠ ಬಲದಿಂದ ಪೂರ್ಣ ಬಲಕ್ಕೆ ಏರಲು ಕೆಲವು ಸೆಕೆಂಡುಗಳು ಬೇಕು. ಬಲ ಏರುತ್ತಿರುವಾಗಲೇ ಚಕ್ರಗಳು ನಿಲ್ದಾಣದ ಈಚೆಗಿನ ಗಾಲ್ಫ್ ಮೈದಾನವನ್ನು ತಾಗಿದವು. ವಿಮಾನ ಪುಟಿದು, ದಿಬ್ಬಕ್ಕೆ ಬಡಿದು, ಹೊತ್ತಿ ಉರಿಯಿತು. 92 ಮಂದಿ ಸತ್ತರು. 54 ಮಂದಿ ಬದುಕಿ ಹೊರಬಂದರು.