ಗಲ್ಲಾಪೆಟ್ಟಿಗೆಯ ಮುಂದೆ ಕೌಟಿಲ್ಯ

ಅಮೆರಿಕದ ಅಂಗಡಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪರೀಕ್ಷೆಯೊಂದಿದೆ. ಗಿರಾಕಿಯ ವೇಷದ ಒಬ್ಬರು ಸಣ್ಣದೊಂದು ಸಾಮಾನು ಹಿಡಿದು ಅವಸರದಲ್ಲಿ ಕೌಂಟರಿಗೆ ಬರುತ್ತಾರೆ. ಸರಿಯಾದ ಚಿಲ್ಲರೆಯನ್ನೇ ಎಣಿಸಿಟ್ಟು, ಬಿಲ್ಲಿಗೂ ಕಾಯದೆ ಹೊರಟುಬಿಡುತ್ತಾರೆ. ಸಾಲಿನಲ್ಲಿ ಹಿಂದೆ ನಿಂತ ಜೊತೆಗಾರರ ಕಣ್ಣು ಮಾತ್ರ ಕ್ಯಾಷಿಯರ್ ಕೈಮೇಲೆ: ಮಾರಾಟ ಯಂತ್ರಕ್ಕೆ ಏರಿತೇ, ಹಣ ಗಲ್ಲಾಪೆಟ್ಟಿಗೆಗೆ ಬಿತ್ತೇ, ಇಲ್ಲಾ ಪಕ್ಕಕ್ಕೆ ಸರಿಯಿತೇ? ಕಳ್ಳನನ್ನು ಹಿಡಿಯುವ ಹಕ್ಕು ಅಂಗಡಿಯವನಿಗೆ ಇದೆಯೇ ಎಂದು ಯಾರೂ ಕೇಳಬೇಕಿಲ್ಲ, ಇದ್ದೇ ಇದೆ. ಕೇಳಬೇಕಾದದ್ದು ಬೇರೆ. ಕದಿಯುವುದನ್ನು ಕಾಣಲು ಕಾದು ನಿಲ್ಲುವುದೂ, ಕದಿಯಲು ಬೇಕಾದ ಅನುಕೂಲವನ್ನು ತಾನೇ ಒದಗಿಸಿ ಕಾಯುವುದೂ ಧರ್ಮದ ದೃಷ್ಟಿಯಲ್ಲಿ ಒಂದೇ ಆದೀತೇ? ಆಗದು ಎಂಬುದು ನನ್ನ ವಾದ. ಎರಡನೆಯದರಲ್ಲಿ ಪಾಪದ ಒಂದು ಪಾಲನ್ನು ಬಲೆ ಒಡ್ಡಿದವನ ಖಾತೆಗೂ ಬರೆಯಬೇಕು.

ಇದಕ್ಕೆ ಸಾಕ್ಷಿ ಹೇಳಿಸಲು ಸಂತರನ್ನು ಕರೆಯಬೇಕಿಲ್ಲ, ಕೌಟಿಲ್ಯನೇ ಸಾಕು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರಲ್ಲ, ಆ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಅಮಾತ್ಯರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಧರ್ಮ, ಅರ್ಥ, ಕಾಮ, ಭಯ ಎಂದು ನಾಲ್ಕು ಬಗೆಯ ಗುಪ್ತ ಪರೀಕ್ಷೆ. ಅವಕ್ಕೆ ಉಪಧೆ ಎಂದು ಹೆಸರು. ಹಣದ ಉಪಧೆಯಲ್ಲಿ ಶುದ್ಧನಾಗಿ ಹೊರಬಂದವನಿಗೆ ಕಂದಾಯ, ಭಂಡಾರದ ಕೆಲಸ. ಕೌಟಿಲ್ಯನೇನು ಮನುಷ್ಯರನ್ನು ಸುಲಭವಾಗಿ ನಂಬುವ ಜಾತಿಯಲ್ಲ. ನೀರೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದ ಹಾಗೆ ಅಧಿಕಾರಿ ಯಾವಾಗ ಹಣ ನುಂಗಿದನೆಂದು ತಿಳಿಯದು ಎಂದವನೂ ಇವನೇ. ಅಂಥವನ ಕೈಯೂ ಈ ಅಧ್ಯಾಯದ ಕೊನೆಯಲ್ಲಿ ತುಸು ತಡೆಯುತ್ತದೆ. ಕೆಡದವರನ್ನು ಕೆಡಿಸಲು ಹೋಗಬಾರದು, ಅದು ನೀರಿಗೆ ವಿಷ ಬೆರೆಸಿದ ಹಾಗೆ, ಕೆಟ್ಟ ಬುದ್ಧಿಗೆ ಆಮೇಲೆ ಮದ್ದು ಸಿಗದೆಯೂ ಹೋದೀತು ಎಂದು ಎಚ್ಚರಿಸುತ್ತಾನೆ. ಪರೀಕ್ಷೆಯನ್ನೇ ಅವನು ಕೈಬಿಡಲಿಲ್ಲ, ನಿಜ. ರಾಜನನ್ನೂ ರಾಣಿಯನ್ನೂ ಗುರಿಯಾಗಿಸದೆ ಹೊರಗಿನದೊಂದನ್ನು ಮುಂದಿಟ್ಟು ನಡೆಸು ಎಂದ. ಆದರೆ ಅಳೆಯಲು ಹಿಡಿದ ಕೋಲೇ ಮನುಷ್ಯನನ್ನು ಡೊಂಕು ಮಾಡೀತು ಎಂಬುದು ಅವನಿಗೆ ಗೊತ್ತಿತ್ತು.

ಪ್ರಾಮಾಣಿಕನಿಗೆ ಭಯವೇಕೆ, ಒರೆಗಲ್ಲಿಗೆ ಉಜ್ಜಿದರೆ ಚಿನ್ನ ಹಿತ್ತಾಳೆಯಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಚಿನ್ನಕ್ಕೆ ಮನೆ ಬಾಡಿಗೆ ಕಟ್ಟುವುದಿರುವುದಿಲ್ಲ, ತಿಂಗಳ ಕೊನೆ ಎಂಬುದಿರುವುದಿಲ್ಲ. ಒಳ್ಳೆಯತನ ಒಮ್ಮೆ ಎರಕ ಹೊಯ್ದು ಮುಗಿಸಿದ ಗಟ್ಟಿಯಲ್ಲ; ದಿನವೂ ನೀರೆರೆಯಬೇಕಾದ ಗಿಡ. ಯಹೂದಿಗಳ ತಾಲ್ಮುದ್‌ನಲ್ಲಿ ಒಂದು ಪ್ರಸಂಗವಿದೆ. ಮಗನಿಗೆ ಸಿಟ್ಟು ಬರುತ್ತದೋ ನೋಡೋಣವೆಂದು ರವ್ ಹುನಾ ಎಂಬ ಪಂಡಿತ ಅವನ ಕಣ್ಣೆದುರೇ ರೇಷ್ಮೆ ಬಟ್ಟೆ ಹರಿಯುತ್ತಾನೆ. ಅಲ್ಲಿನ ಚರ್ಚೆ ಮಗನನ್ನು ಬಿಟ್ಟು ಅಪ್ಪನನ್ನೇ ಹಿಡಿಯುತ್ತದೆ: ಮಗ ಸಿಟ್ಟಿಗೆದ್ದು ತಂದೆಯನ್ನು ಅವಮಾನಿಸಿಬಿಟ್ಟಿದ್ದರೆ, ಕುರುಡನ ಮುಂದೆ ಎಡವುಗಲ್ಲು ಇಟ್ಟ ದೋಷ ಯಾರದಾಗುತ್ತಿತ್ತು? ಬಿಲ್ಲಿಗೆ ಕಾಯದ ಗಿರಾಕಿ ದಿನಕ್ಕೆ ಹತ್ತು ಸಲ ಬರುತ್ತಾನೆ, ಪರೀಕ್ಷಕ ಹನ್ನೊಂದನೆಯವನು ಅಷ್ಟೇ ಎಂಬ ಆಕ್ಷೇಪ ಒರೆಗಲ್ಲಿನ ಮಾತಿಗಿಂತ ಗಟ್ಟಿ. ಒಂದೇ ಕೌಂಟರಿನಲ್ಲಿ ಲೆಕ್ಕ ಮತ್ತೆ ಮತ್ತೆ ತಪ್ಪುತ್ತಿದ್ದು, ಅನುಮಾನಕ್ಕೆ ಆಧಾರವಿದ್ದರೆ ಈ ಮಾತನ್ನು ಒಪ್ಪುತ್ತೇನೆ. ಆಗ ಅದು ತನಿಖೆ. ಅನುಮಾನವೇ ಇಲ್ಲದವರ ಮೇಲೆ ಸಾಲಾಗಿ ನಡೆಸಿದರೆ ಅಲ್ಲ. ಆ ಹತ್ತು ಗಿರಾಕಿಗಳಲ್ಲಿ ಯಾರೂ ಕ್ಯಾಷಿಯರ್ ಬೀಳುತ್ತಾನೋ ಎಂದು ನೋಡಲು ಬಂದವರಲ್ಲ. ದಣಿದ ಕೈಯ ಮರೆವಿಗೂ ಕಳವಿಗೂ ಇರುವ ಅಂತರ ಒಂದೇ ಭೇಟಿಯಲ್ಲಿ ಹೇಗೆ ತಿಳಿದೀತು?

ದೇವರೇ ಪರೀಕ್ಷಿಸುತ್ತಾನಲ್ಲ, ಹರಿಶ್ಚಂದ್ರನ ಕತೆ ಮರೆತಿರಾ ಎನ್ನಬಹುದು. ಮರೆತಿಲ್ಲ. ರಾಘವಾಂಕನ ಕಾವ್ಯದಲ್ಲಿ ವಿಶ್ವಾಮಿತ್ರ ಇಂದ್ರಸಭೆಯಲ್ಲಿ ತನ್ನ ತಪಸ್ಸಿನ ಫಲವನ್ನೇ ಪಣವೊಡ್ಡಿ ಪರೀಕ್ಷೆಗೆ ಇಳಿಯುತ್ತಾನೆ; ಸೋತಾಗ ತೆರುತ್ತಾನೆ. ಅಂಗಡಿಯ ಪರೀಕ್ಷೆಯಲ್ಲಿ ಕ್ಯಾಷಿಯರ್ ಗೆದ್ದರೆ ಕಂಪನಿ ಏನು ತೆರುತ್ತದೆ? ಗೆದ್ದದ್ದು ಎಷ್ಟೋ ಸಲ ಅವನಿಗೆ ತಿಳಿಯುವುದೂ ಇಲ್ಲ.

ನಷ್ಟವೇನೂ ಸಣ್ಣದಲ್ಲ. ಅಮೆರಿಕದ ನ್ಯಾಷನಲ್ ರೀಟೇಲ್ ಫೆಡರೇಷನ್ 2022ರ ಆರ್ಥಿಕ ವರ್ಷಕ್ಕೆ ಕೊಟ್ಟ ಅಂದಾಜಿನಲ್ಲಿ, ಲೆಕ್ಕಕ್ಕೆ ಸಿಗದೆ ಹೋದ ಸರಕಿನ ನಷ್ಟದಲ್ಲಿ ಶೇ. 29ರಷ್ಟು ಒಳಗಿನವರ ಕಳವು, ಸುಮಾರು ಶೇ. 27ರಷ್ಟು ಬರೀ ಲೆಕ್ಕ ಮತ್ತು ನಿರ್ವಹಣೆಯ ತಪ್ಪು. ಹಾಗೆಂದು ಕಾವಲಿಗೆ ಗುಟ್ಟೇ ಬೇಕೆಂದಿಲ್ಲ. ಬೆಂಗಳೂರಿನ ದರ್ಶಿನಿಯನ್ನೇ ನೋಡಿ. ದುಡ್ಡು ಮುಟ್ಟುವವನು ಇಡ್ಲಿ ಮುಟ್ಟುವುದಿಲ್ಲ, ಇಡ್ಲಿ ಕೊಡುವವನು ದುಡ್ಡು ಮುಟ್ಟುವುದಿಲ್ಲ. ನಡುವೆ ಒಂದು ತುಂಡು ಚೀಟಿ ಓಡಾಡುತ್ತದೆ, ಸಂಜೆ ಎರಡೂ ಕಡೆಯ ಎಣಿಕೆ ತಾಳೆಯಾಗಬೇಕು. ಬಿಲ್ ಕೊಡದಿದ್ದರೆ ಹಣ ಕೊಡಬೇಕಿಲ್ಲ ಎಂದು ರೈಲಿನಲ್ಲಿ ಫಲಕ ಹಾಕಿದ್ದರ ಹಿಂದೆಯೂ ಇದೇ ಜಾಣ್ಮೆ: ಪ್ರತಿ ಪ್ರಯಾಣಿಕನೂ ಬಹಿರಂಗ ಸಾಕ್ಷಿ. ಇವು ಕೈಯನ್ನು ಆಸೆಯಿಂದ ದೂರ ಇಡುತ್ತವೆ. ಗುಪ್ತ ಗಿರಾಕಿ ಆಸೆಯನ್ನು ಕೈಗೇ ತಂದು ಇಡುತ್ತಾನೆ.

ಇನ್ನು ಬಿದ್ದವನ ಗತಿ. ಕಳವು ಒಪ್ಪಿಕೊಂಡ ನೌಕರರ ಹೆಸರನ್ನು ಕಂಪನಿಗಳು ಹಂಚಿಕೊಳ್ಳುವ ದತ್ತಾಂಶ ಪಟ್ಟಿಗಳೂ ಅಮೆರಿಕದಲ್ಲಿ ಬಂದವು. ಅವುಗಳಲ್ಲಿ ಹೆಸರು ಸೇರಿದವನಿಗೆ ಇನ್ನೊಂದು ಅಂಗಡಿಯ ಬಾಗಿಲೂ ಕಷ್ಟ. ನಾಲ್ಕೂ ಉಪಧೆಗಳಲ್ಲಿ ಸೋತವನನ್ನು ಕೌಟಿಲ್ಯ ಗಣಿಗೆ, ಆನೆಯ ಕಾಡಿಗೆ, ಕಾರ್ಖಾನೆಗೆ ಹಾಕಿದ. ಕೆಲಸದಿಂದ ತೆಗೆಯಲಿಲ್ಲ.